ಶಾಲೆಯೋ, ಹೋಮ್‌ಸ್ಕೂಲಿಂಗೋ, ಅನ್‌ಸ್ಕೂಲಿಂಗೋ: ಮಗುವಿನ ದಿನ ಯಾರ ಕೈಯಲ್ಲಿರಬೇಕು?

ಮಗುವನ್ನು ಶಾಲೆಗೆ ಕಳುಹಿಸಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಹೆತ್ತವರು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಕೇಳಿಕೊಳ್ಳುತ್ತಾರೆ. ಮಗು ಇನ್ನೂ ಚಿಕ್ಕದಿದ್ದು, ಅದು ಕೇಳುವ ಪ್ರಶ್ನೆಗಳಿಗೆ ತಾವೇ ಬೆರಗಾದಾಗ ಒಮ್ಮೆ; ಅದೇ ಮಗು ಏಳೆಂಟು ವರ್ಷದ ಹೊತ್ತಿಗೆ ಬೆಳಿಗ್ಗೆ ಎದ್ದೊಡನೆ ಹೊಟ್ಟೆನೋವೆಂದು ಮುಸುಕೆಳೆದುಕೊಂಡು ಮಲಗತೊಡಗಿದಾಗ ಇನ್ನೊಮ್ಮೆ. ಮೊದಲನೆಯ ಸಲದ ತೀರ್ಮಾನ ಆಸೆಯಿಂದ ಹುಟ್ಟುತ್ತದೆ, ಎರಡನೆಯ ಸಲದ್ದು ಸಂಕಟದಿಂದ. ನಾಲ್ಕು ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ ಮಾಡಿದ ತೀರ್ಮಾನ ಅಪರೂಪ.

ಈ ಬರಹದಲ್ಲಿ ಹೋಲಿಸಿರುವುದು ಸಾಮಾನ್ಯ ಶಾಲೆ, ಮನೆಯಲ್ಲಿ ಪಠ್ಯಕ್ರಮದಂತೆ ಕಲಿಸುವುದು, ಅನ್‌ಸ್ಕೂಲಿಂಗ್ ಮತ್ತು ಪ್ರಜಾಸತ್ತಾತ್ಮಕ ಶಾಲೆ ಎಂಬ ನಾಲ್ಕು ದಾರಿಗಳನ್ನು. ಅಂಕ, ಶುಲ್ಕ, ಕಟ್ಟಡ ಇವನ್ನೆಲ್ಲ ಬದಿಗಿಟ್ಟು ಪ್ರತಿಯೊಂದಕ್ಕೂ ಎರಡೇ ಪ್ರಶ್ನೆ ಕೇಳಿದ್ದೇನೆ. ಒಂದು ಮಾಮೂಲಿ ದಿನದಲ್ಲಿ ಮಗು ಎಚ್ಚರವಿರುವ ಗಂಟೆಗಳ ಪೈಕಿ ಎಷ್ಟು ಗಂಟೆ ಅದರ ಕೈಯಲ್ಲಿರುತ್ತದೆ? ಆ ಗಂಟೆಗಳಲ್ಲಿ ಅದು ಎಡವಿದರೆ ಗಮನಿಸುವವರು ಯಾರು? ಸ್ವಾತಂತ್ರ್ಯದ ಬಗ್ಗೆ ಮಾತನಾಡುವವರು ಮೊದಲನೆಯ ಪ್ರಶ್ನೆಯನ್ನಷ್ಟೇ ಕೇಳುತ್ತಾರೆ, ಶಿಸ್ತಿನ ಬಗ್ಗೆ ಮಾತನಾಡುವವರು ಎರಡನೆಯದನ್ನಷ್ಟೇ. ಎರಡಕ್ಕೂ ಒಟ್ಟಿಗೆ ಉತ್ತರ ಸಿಗುವ ಮನೆಗಳಲ್ಲಿ ಮಾತ್ರ ಮಕ್ಕಳು ನಿಜಕ್ಕೂ ದೊಡ್ಡ ಕೆಲಸಗಳನ್ನು ಮಾಡಿ ಮುಗಿಸಿದ್ದನ್ನು ನಾನು ಕಂಡಿದ್ದೇನೆ.

ದಾರಿಗಳ ಪರಿಚಯ

ಶಾಲೆಯನ್ನು ವಿವರಿಸುವ ಅಗತ್ಯವಿಲ್ಲ. ಹೋಮ್‌ಸ್ಕೂಲಿಂಗ್ ಎಂಬುದಕ್ಕೆ ‘ಮನೆಪಾಠ’ ಎನ್ನೋಣವೆಂದರೆ ಆ ಪದವನ್ನು ಟ್ಯೂಷನ್ನಿನವರು ಎಂದೋ ತಮ್ಮದಾಗಿಸಿಕೊಂಡಿದ್ದಾರೆ. ಆದ್ದರಿಂದ ಇಂಗ್ಲಿಷ್ ಪದವನ್ನೇ ಬಳಸುತ್ತೇನೆ. ಇಲ್ಲಿ ಪಠ್ಯಕ್ರಮವಿರುತ್ತದೆ, ವೇಳಾಪಟ್ಟಿಯೂ ಇರುತ್ತದೆ. ಶಿಕ್ಷಕರ ಜಾಗದಲ್ಲಿ ತಾಯಿಯೋ ತಂದೆಯೋ ಇರುತ್ತಾರೆ. ದಿನದ ಪಾಠ ಎರಡು ಮೂರು ಗಂಟೆಗಳಲ್ಲಿ ಮುಗಿದುಹೋಗುವುದರಿಂದ ಉಳಿದ ಹೊತ್ತು ಮಗುವಿಗೆ ದಕ್ಕುತ್ತದೆ. ಅಥವಾ ದಕ್ಕಬೇಕು. ಆ ಹೊತ್ತಿಗೂ ಒಂದೊಂದು ತರಗತಿ ತುಂಬುವ ಮನೆಗಳು ಬಹಳ.

ಅನ್‌ಸ್ಕೂಲಿಂಗ್ ಎಂಬ ಪದವನ್ನು ಬಳಕೆಗೆ ತಂದವರು ಅಮೆರಿಕದ ಜಾನ್ ಹೋಲ್ಟ್. ವರ್ಷಗಟ್ಟಲೆ ತರಗತಿಯಲ್ಲಿ ಪಾಠ ಮಾಡಿದ ಅವರು, ಮಕ್ಕಳು ವಿಷಯವನ್ನು ಅರ್ಥಮಾಡಿಕೊಳ್ಳುವುದಕ್ಕಿಂತ ಶಿಕ್ಷಕರ ಮುಖ ನೋಡಿ ಸರಿ ಉತ್ತರವನ್ನು ಊಹಿಸುವುದರಲ್ಲಿ ಪಳಗುತ್ತಿದ್ದಾರೆ ಎಂಬುದನ್ನು ಗಮನಿಸಿದರು. ಮೊದಲು ಶಾಲೆಗಳನ್ನು ಸುಧಾರಿಸಲು ಯತ್ನಿಸಿ, ಆ ಆಸೆ ಬತ್ತಿದ ಮೇಲೆ 1977ರಲ್ಲಿ, ಶಾಲೆಯಿಲ್ಲದೆ ಮಕ್ಕಳನ್ನು ಬೆಳೆಸುವ ಕುಟುಂಬಗಳಿಗಾಗಿ ಒಂದು ಪತ್ರಿಕೆಯನ್ನು ಆರಂಭಿಸಿದರು. ಅನ್‌ಸ್ಕೂಲಿಂಗ್‌ನಲ್ಲಿ ಪಠ್ಯಕ್ರಮವಿಲ್ಲ, ಪಾಠದ ವೇಳೆಯಿಲ್ಲ, ಪರೀಕ್ಷೆಯಿಲ್ಲ. ಏನು ಕಲಿಯಬೇಕು, ಯಾವಾಗ ಕಲಿಯಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಮಗು ನಿರ್ಧರಿಸುತ್ತದೆ. ಬೇಕಾದ ಸಾಮಗ್ರಿ, ಸಂಗ, ಸ್ಥಳಗಳನ್ನು ಒದಗಿಸಿ, ಕೇಳಿದಾಗ ನೆರವಾಗುವುದು ಹಿರಿಯರ ಕೆಲಸ.

ಪ್ರಜಾಸತ್ತಾತ್ಮಕ ಶಾಲೆಗಳು ಇದೇ ತತ್ತ್ವಕ್ಕೆ ಒಂದು ಸಮುದಾಯವನ್ನು ಜೋಡಿಸುತ್ತವೆ. ಎ. ಎಸ್. ನೀಲ್ 1921ರಲ್ಲಿ ಸ್ಥಾಪಿಸಿದ ಸಮ್ಮರ್‌ಹಿಲ್ ಈಗಲೂ ಇಂಗ್ಲೆಂಡಿನಲ್ಲಿ ನಡೆಯುತ್ತಿದೆ. ಅಲ್ಲಿ ಪಾಠಗಳಿವೆ, ಹಾಜರಾಗಲೇಬೇಕೆಂಬ ಕಡ್ಡಾಯವಿಲ್ಲ. ಶಾಲೆಯ ಸಭೆಯಲ್ಲಿ ಆರು ವರ್ಷದ ಮಗುವಿಗೂ ಹಿರಿಯ ಶಿಕ್ಷಕರಿಗೂ ತಲಾ ಒಂದೇ ಮತ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1968ರಲ್ಲಿ ತೆರೆದ ಸಡ್ಬರಿ ವ್ಯಾಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಯಸ್ಸಿಗೆ ತಕ್ಕ ತರಗತಿಗಳನ್ನೇ ಕೈಬಿಟ್ಟಿತು. ನಾಲ್ಕು ವರ್ಷದ ಮಕ್ಕಳಿಂದ ಹದಿಹರೆಯದವರವರೆಗೆ ಎಲ್ಲರೂ ಅಲ್ಲಿ ಒಟ್ಟಿಗೇ ಇರುತ್ತಾರೆ. ಮರಿಯಾ ಮಾಂಟೆಸ್ಸೋರಿ 1907ರಲ್ಲಿ ರೋಮಿನಲ್ಲಿ ಆರಂಭಿಸಿದ ಪದ್ಧತಿ ಇವುಗಳ ಮತ್ತು ಸಾಮಾನ್ಯ ಶಾಲೆಯ ನಡುವೆ ಎಲ್ಲೋ ನಿಲ್ಲುತ್ತದೆ: ಕೆಲಸವನ್ನು ಮಗುವೇ ಆರಿಸಿಕೊಳ್ಳುತ್ತದೆ, ಆದರೆ ಯಾವುದರಿಂದ ಆರಿಸಬೇಕೋ ಆ ಸಾಮಗ್ರಿಯನ್ನು ಹಿರಿಯರು ಕ್ರಮವಾಗಿ ಜೋಡಿಸಿಟ್ಟಿರುತ್ತಾರೆ.

ಒಂದು ಗೂಡು, ನಾಲ್ಕು ಹಲಗೆ

ಸ್ವಾತಂತ್ರ್ಯ ಕೊಟ್ಟರೆ ಮಕ್ಕಳು ಏನು ಸಾಧಿಸಬಲ್ಲರು ಎಂಬುದಕ್ಕೆ ಹದಿನಾಲ್ಕನೆಯ ವಯಸ್ಸಿಗೇ ಉದ್ಯಮ ಕಟ್ಟಿದವರ ಕಥೆಗಳನ್ನು ಹೇಳುವುದು ವಾಡಿಕೆ. ನನಗೆ ಆ ಕಥೆಗಳಲ್ಲಿ ಅಷ್ಟು ಆಸಕ್ತಿಯಿಲ್ಲ. ನಾನು ಹತ್ತಿರದಿಂದ ನೋಡಿದ ಒಂದು ಚಿಕ್ಕ ಸಂಗತಿಯನ್ನು ಹೇಳುತ್ತೇನೆ.

ಶಾಲೆಗೆ ಹೋಗದ ಹತ್ತು ವರ್ಷದ ಹುಡುಗಿಯೊಬ್ಬಳು ತನ್ನ ಪುಸ್ತಕಗಳಿಗೆ ಒಂದು ಮರದ ಗೂಡು ಮಾಡಲು ಹೊರಟಳು. ಗೂಡಿನ ಅಗಲ 60 ಸೆಂಟಿಮೀಟರ್ ಎಂದು ಕಾಗದದ ಮೇಲೆ ಬರೆದುಕೊಂಡು, ನಡುವೆ ಕೂರಿಸಬೇಕಾದ ನಾಲ್ಕು ಅಡ್ಡ ಹಲಗೆಗಳನ್ನೂ 60 ಸೆಂಟಿಮೀಟರಿಗೇ ಕೊಯ್ದಳು. ಪಕ್ಕದ ಹಲಗೆಗಳು ತಲಾ ಎರಡು ಸೆಂಟಿಮೀಟರ್ ದಪ್ಪ ಇದ್ದುದರಿಂದ ಒಳಗೆ ಉಳಿದಿದ್ದ ಜಾಗ 56 ಮಾತ್ರ. ಮೊದಲ ಹಲಗೆಯನ್ನು ಒಳಗೆ ತಳ್ಳಿ ನೋಡಿದಳು, ಓರೆ ಮಾಡಿ ನೋಡಿದಳು, ಕೈಯಿಂದ ಗುದ್ದಿಯೂ ನೋಡಿದಳು. ಆಮೇಲೆ ಟೇಪನ್ನು ತಂದು ಪಕ್ಕದ ಹಲಗೆಯ ಅಂಚಿಗೆ ಹಿಡಿದು, “ಓ, ಗೋಡೇನೂ ಕಳೀಬೇಕಿತ್ತು” ಎಂದಳು. ನಾಲ್ಕು ಹಲಗೆಗಳನ್ನೂ ಸಣ್ಣ ಕೈಗರಗಸದಲ್ಲಿ ಮತ್ತೆ ಕೊಯ್ಯುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅದರಲ್ಲೂ ಒಂದನ್ನು ಗೆರೆಯ ಒಳಬದಿಗೆ ಕೊಯ್ದುದರಿಂದ ಗರಗಸ ತಿಂದಷ್ಟು ಮರ ಕಡಿಮೆಯಾಗಿ, ಆ ಹಲಗೆ ಗೂಡಿನಲ್ಲಿ ಅಲುಗಾಡುತ್ತಿತ್ತು. ಸಂದಿಗೆ ರಟ್ಟಿನ ಚೂರನ್ನು ಮಡಿಸಿ ತುರುಕಿದಳು. ಅಲ್ಲಿಂದ ಮುಂದೆ ಗೆರೆಯ ಯಾವ ಬದಿಗೆ ಗರಗಸವಿಡಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಬೇಕಾಗಿ ಬರಲಿಲ್ಲ.

ನಾನು ಗಮನಿಸಿದ್ದು ಅವಳ ತಂದೆಯನ್ನು. ಮೊದಲ ಹಲಗೆಯ ಮೇಲೆ ಪೆನ್ಸಿಲ್ ಗುರುತು ಬೀಳುವಾಗಲೇ ಅವರಿಗೆ ತಪ್ಪು ಗೊತ್ತಾಗಿತ್ತು. ಅವರು ಎದ್ದು ಹೋಗಲೂ ಇಲ್ಲ, ಬಾಯಿಬಿಡಲೂ ಇಲ್ಲ. ಹಲಗೆ ಜಾರದಂತೆ ಇನ್ನೊಂದು ತುದಿಯನ್ನು ಹಿಡಿದುಕೊಂಡು ಇಡೀ ಮಧ್ಯಾಹ್ನ ಕೂತಿದ್ದರು.

ಇದೇ ಗೂಡನ್ನು ನಾಲ್ಕೂ ದಾರಿಗಳಲ್ಲಿ ಇಟ್ಟು ನೋಡಬಹುದು. ನಲವತ್ತು ನಿಮಿಷದ ಪೀರಿಯಡ್ಡುಗಳಲ್ಲಿ ಹಂಚಿಹೋದ ಶಾಲೆಯ ದಿನದಲ್ಲಿ ಇಷ್ಟು ಉದ್ದದ ತಪ್ಪಿಗೆ ಜಾಗವಿಲ್ಲ; ಅಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಪಠ್ಯಕ್ರಮ ಹಿಡಿದ ಮನೆಯಲ್ಲಿ ಪೆನ್ಸಿಲ್ ಗುರುತಿನ ಹಂತದಲ್ಲೇ ತಿದ್ದುಪಡಿ ಆಗಿ, ಗೂಡು ಚೆನ್ನಾಗಿ ಬಂದು, ಕಲಿಕೆ ಅರ್ಧಕ್ಕೆ ನಿಂತಿರುತ್ತದೆ. ಪ್ರಜಾಸತ್ತಾತ್ಮಕ ಶಾಲೆಯಲ್ಲಿ ಪಕ್ಕದಲ್ಲಿ ಹಲಗೆ ಹಿಡಿಯುವುದು ಬಹುಶಃ ಹದಿಮೂರು ವರ್ಷದ ಇನ್ನೊಬ್ಬ ಹುಡುಗನಾಗಿರುತ್ತಾನೆ, ಅದು ಇನ್ನೂ ಚೆಂದ. ಹೆಸರಿಗೆ ಮಾತ್ರ ಅನ್‌ಸ್ಕೂಲಿಂಗ್ ನಡೆಸುವ ಮನೆಯಲ್ಲಿಯಾದರೋ ಹಲಗೆಯೂ ಇಲ್ಲ, ಗರಗಸವೂ ಇಲ್ಲ, ತುದಿ ಹಿಡಿಯುವ ಕೈಯೂ ಇಲ್ಲ. ಮಗು ಆ ಮಧ್ಯಾಹ್ನವನ್ನು ಪರದೆಯ ಮುಂದೆ ಕಳೆದಿರುತ್ತದೆ. ಬಿಟ್ಟುಕೊಡುವುದಕ್ಕೂ ಬಿಟ್ಟುಬಿಡುವುದಕ್ಕೂ ಇರುವ ಅಂತರ ಇಷ್ಟೇ, ಆದರೆ ಬಹಳ ದೊಡ್ಡದು.

ಅಧ್ಯಯನಗಳು ಎಷ್ಟರಮಟ್ಟಿಗೆ ನೆರವಾಗುತ್ತವೆ

ಬಹುಮಾನದ ಆಸೆ ಒಳಗಿನ ಆಸಕ್ತಿಯನ್ನು ತಿನ್ನುತ್ತದೆ ಎಂಬ ವಾದಕ್ಕೆ ಗಟ್ಟಿ ಆಧಾರವಿದೆ. 1973ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗವೊಂದರಲ್ಲಿ, ಚಿತ್ರ ಬರೆಯುವುದೆಂದರೆ ಮೊದಲೇ ಇಷ್ಟವಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುವುದಾಗಿ ಮುಂಚಿತವಾಗಿ ಹೇಳಿ, ಹಾಗೆಯೇ ಕೊಡಲಾಯಿತು. ಒಂದೆರಡು ವಾರಗಳ ಬಳಿಕ ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರಿಗಿಂತ ಸುಮಾರು ಅರ್ಧದಷ್ಟಕ್ಕೆ ಇಳಿದಿತ್ತು. ಹೇಳದೆ ಕೇಳದೆ ಪ್ರಶಸ್ತಿ ಪಡೆದ ಮಕ್ಕಳಲ್ಲಿ ಈ ಇಳಿತ ಕಾಣಲಿಲ್ಲ. ಅನ್‌ಸ್ಕೂಲಿಂಗ್ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ನನಗೆ ಬಲವಾಗಿ ಕಾಣುವುದು ಇದೇ.

ನೇರವಾಗಿ ಅನ್‌ಸ್ಕೂಲಿಂಗ್ ಕುರಿತ ಅಧ್ಯಯನಗಳು ಬಹಳ ಚಿಕ್ಕವು. ಮನಶ್ಶಾಸ್ತ್ರಜ್ಞ ಪೀಟರ್ ಗ್ರೇ ಮತ್ತು ಜೀನಾ ರೈಲಿ 2013ರಲ್ಲಿ 232 ಕುಟುಂಬಗಳ ಸಮೀಕ್ಷೆಯನ್ನು ಪ್ರಕಟಿಸಿದರು. ಅದರ ಬೆನ್ನಿಗೇ, ಹೀಗೆ ಬೆಳೆದು ದೊಡ್ಡವರಾದ 75 ಮಂದಿಯ ಸಮೀಕ್ಷೆಯನ್ನೂ ನಡೆಸಿದರು. ಈ 75 ಜನರಲ್ಲಿ 62 ಮಂದಿ ಯಾವುದಾದರೊಂದು ರೀತಿಯ ಉನ್ನತ ಶಿಕ್ಷಣಕ್ಕೆ ಹೋಗಿದ್ದರು. ತಮ್ಮ ಬಾಲ್ಯದ ಬಗ್ಗೆ ಅಸಮಾಧಾನ ಹೇಳಿಕೊಂಡವರು ಮೂವರು ಮಾತ್ರ. ಕೇಳಲು ಹಿತವಾಗಿದೆ. ಆದರೆ ತಾವಾಗಿ ಮುಂದೆ ಬಂದು ಪ್ರಶ್ನಾವಳಿ ತುಂಬಿದವರ ಲೆಕ್ಕ ಇದು. ಸೋತು ಸುಮ್ಮನಾದವರು ಇಂಥ ಸಮೀಕ್ಷೆಗಳಿಗೆ ಸಿಗುವುದಿಲ್ಲ.

ಇನ್ನೊಂದು ಬದಿಗೆ, ಕೆನಡಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಐದರಿಂದ ಹತ್ತು ವರ್ಷದೊಳಗಿನ, ಮನೆಯಲ್ಲೇ ಕಲಿಯುವ 37 ಮಕ್ಕಳನ್ನು ಶಾಲೆಯ ಅಷ್ಟೇ ಮಕ್ಕಳೊಂದಿಗೆ ಹೋಲಿಸಿತು. ಕ್ರಮಬದ್ಧ ಪಾಠವಿದ್ದ ಹೋಮ್‌ಸ್ಕೂಲಿಂಗ್ ಮಕ್ಕಳು ಶಾಲೆಯವರಿಗಿಂತ ಮುಂದಿದ್ದರು. ಪಾಠಕ್ರಮವಿಲ್ಲದೆ ಕಲಿಯುತ್ತಿದ್ದವರ ಅಂಕಗಳು ಎಲ್ಲರಿಗಿಂತ ಕೆಳಗಿದ್ದವು. ಇದನ್ನು ಹಿಡಿದು ಅನ್‌ಸ್ಕೂಲಿಂಗ್ ಸೋತಿತೆಂದು ಸಾರುವವರು, ಆ ಕೊನೆಯ ಗುಂಪಿನಲ್ಲಿದ್ದ ಮಕ್ಕಳು ಕೇವಲ ಹನ್ನೆರಡು ಎಂಬುದನ್ನು ಹೇಳುವುದಿಲ್ಲ. ಹತ್ತು ವರ್ಷದ ಒಳಗೇ ಅಳೆದರೆ ತಡವಾಗಿ ಕಲಿಯುವವರು ಹಿಂದೆ ಕಾಣುವುದು ಸಹಜವೂ ಹೌದು. ಒಟ್ಟಿನಲ್ಲಿ ಈ ಸಂಖ್ಯೆಗಳಿಂದ ತೀರ್ಮಾನವನ್ನೇ ಮಾಡಲಾಗದು. ಎಲ್ಲಿ ಎಚ್ಚರವಿರಬೇಕು ಎಂಬುದಷ್ಟನ್ನು ತಿಳಿಯಬಹುದು. ನನ್ನ ಮಟ್ಟಿಗೆ ಆ ಎಚ್ಚರದ ಜಾಗಗಳು ಎರಡು: ಓದು ಮತ್ತು ಲೆಕ್ಕ.

ಓದು ಮತ್ತು ಲೆಕ್ಕ: ಎಲ್ಲಿಯವರೆಗೆ ಕಾಯಬಹುದು

ಅನ್‌ಸ್ಕೂಲಿಂಗ್ ಆರಿಸಿಕೊಂಡ ಮನೆಗಳಲ್ಲಿ ನಿದ್ದೆಗೆಡಿಸುವ ಪ್ರಶ್ನೆ ಇದೊಂದೇ. ಎಂಟು ವರ್ಷವಾಯಿತು, ಒಂಬತ್ತಾಯಿತು, ಮಗು ಇನ್ನೂ ಓದುತ್ತಿಲ್ಲ; ‘ತಾನಾಗಿ ಓದುತ್ತದೆ ಬಿಡಿ’ ಎಂದು ಬಲ್ಲವರು ಹೇಳುತ್ತಾರೆ. ಈ ಮಾತು ಕೆಲವು ಮಕ್ಕಳ ವಿಷಯದಲ್ಲಿ ನಿಜ, ಕೆಲವರ ವಿಷಯದಲ್ಲಿ ಅಪಾಯಕಾರಿ.

ನಿಜವಾದ ಭಾಗ ಇದು. ಬೇಗ ಓದಲು ಕಲಿತವರು ಕೊನೆಯವರೆಗೂ ಮುಂದಿರುತ್ತಾರೆ ಎಂಬ ನಂಬಿಕೆಗೆ ಆಧಾರ ಕಡಿಮೆ. ಫಿನ್ಲೆಂಡಿನಲ್ಲಿ ಶಾಲೆ ಆರಂಭವಾಗುವುದೇ ಏಳನೆಯ ವರ್ಷಕ್ಕೆ. ನ್ಯೂಜಿಲೆಂಡಿನಲ್ಲಿ, ಐದನೆಯ ವರ್ಷಕ್ಕೆ ಓದಿನ ಪಾಠ ಆರಂಭಿಸಿದ ಮಕ್ಕಳನ್ನೂ ಏಳಕ್ಕೆ ಆರಂಭಿಸಿದವರನ್ನೂ ಹೋಲಿಸಿದಾಗ, ಹನ್ನೊಂದನೆಯ ವಯಸ್ಸಿನ ಹೊತ್ತಿಗೆ ಅವರ ಓದುವ ಸಾಮರ್ಥ್ಯದಲ್ಲಿ ವ್ಯತ್ಯಾಸವೇ ಉಳಿದಿರಲಿಲ್ಲ. ಎರಡು ವರ್ಷ ತಡವಾದರೆ ಆಕಾಶ ಕಳಚಿ ಬೀಳುವುದಿಲ್ಲ.

ಅಪಾಯದ ಭಾಗವೂ ಅಷ್ಟೇ ಸ್ಪಷ್ಟ. ಆ ಮಕ್ಕಳು ಏಳಕ್ಕೆ ಆರಂಭಿಸಿದರೂ ಆರಂಭಿಸಿದ ಮೇಲೆ ಅವರಿಗೆ ಯಾರೋ ಕಲಿಸಿದರು. ಮಾತು ತಾನಾಗಿ ಬರುತ್ತದೆ, ಅಕ್ಷರ ಹಾಗೆ ಬರುವುದಿಲ್ಲ. ಬರಹವೆಂಬುದು ಮನುಷ್ಯರು ಮಾಡಿಕೊಂಡ ಸಾಧನ. ಅಕ್ಷರಕ್ಕೂ ಧ್ವನಿಗೂ ಇರುವ ನಂಟನ್ನು ತಾವೇ ಬಿಡಿಸಿಕೊಳ್ಳುವ ಮಕ್ಕಳಿದ್ದಾರೆ, ಆದರೆ ಎಲ್ಲರೂ ಹಾಗಿಲ್ಲ. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಕೂಡಿಸಿ ಓದುವುದರಲ್ಲೇ ಹುಟ್ಟಿನಿಂದ ಬರುವ ತೊಡಕು, ಇರುವ ಮಗುವಿಗೆ ‘ಕಾಯೋಣ’ ಎಂಬ ಔದಾರ್ಯವೇ ಮುಳುವಾಗುತ್ತದೆ, ಏಕೆಂದರೆ ಅದಕ್ಕೆ ಬೇಕಾಗಿರುವುದು ಆದಷ್ಟು ಬೇಗ ಆರಂಭವಾಗುವ ಕ್ರಮಬದ್ಧ ನೆರವು. ಆದ್ದರಿಂದ ಯಾವ ದಾರಿ ಹಿಡಿದರೂ ನಾನು ಒಂದು ನಿಯಮವನ್ನು ಸೂಚಿಸುತ್ತೇನೆ. ಮಗು ಕಥೆ ಕೇಳಲು ಹಾತೊರೆಯುತ್ತದೆ, ಪ್ರಾಸದ ಆಟ ಆಡುತ್ತದೆ, ಫಲಕಗಳ ಅಕ್ಷರಗಳನ್ನು ಕೇಳಿ ತಿಳಿದುಕೊಳ್ಳುತ್ತದೆ ಎಂದಾದರೆ ಏಳೆಂಟು ವರ್ಷದವರೆಗೆ ನೆಮ್ಮದಿಯಿಂದ ಕಾಯಬಹುದು. ಆದರೆ ಒಂದೇ ಅಕ್ಷರವನ್ನು ಪದೇ ಪದೇ ಮರೆಯುತ್ತಿದ್ದರೆ, ಪದದ ಮೊದಲ ಧ್ವನಿಯನ್ನು ಬಿಡಿಸಿ ಹೇಳಲು ತಡಕಾಡುತ್ತಿದ್ದರೆ, ಅಥವಾ ಓದಬೇಕೆಂದು ತಾನೇ ಬಯಸಿಯೂ ಆಗದೆ ಸಿಟ್ಟಾಗುತ್ತಿದ್ದರೆ, ತತ್ತ್ವವನ್ನು ಬದಿಗಿಟ್ಟು ತಜ್ಞರಿಗೆ ತೋರಿಸಬೇಕು.

ಲೆಕ್ಕದ ವಿಷಯದಲ್ಲಿ 1929ರ ಒಂದು ಪ್ರಯೋಗವನ್ನು ಅನ್‌ಸ್ಕೂಲಿಂಗ್ ಪ್ರಿಯರು ಆಗಾಗ ನೆನೆಯುತ್ತಾರೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್ ನಗರದಲ್ಲಿ ಶಾಲೆಗಳ ಮುಖ್ಯಸ್ಥರಾಗಿದ್ದ ಎಲ್. ಪಿ. ಬೆನೆಜೆಟ್, ಕೆಲವು ತರಗತಿಗಳಲ್ಲಿ ಆರನೆಯ ತರಗತಿಯವರೆಗೆ ಅಂಕಗಣಿತದ ಪಾಠವನ್ನೇ ನಿಲ್ಲಿಸಿದರು. ತಡವಾಗಿ ಆರಂಭಿಸಿದ ಮಕ್ಕಳು ಅದೇ ವರ್ಷದೊಳಗೆ ಉಳಿದವರ ಸಮಕ್ಕೆ ಬಂದರು ಎಂದು ಅವರು 1935ರಲ್ಲಿ ವರದಿ ಮಾಡಿದರು. ಕಥೆಯನ್ನು ಇಲ್ಲಿಗೇ ನಿಲ್ಲಿಸುವುದು ಸರಿಯಲ್ಲ. ಆ ತರಗತಿಗಳಲ್ಲಿ ಲೆಕ್ಕದ ಪುಸ್ತಕವಿರಲಿಲ್ಲವೇ ಹೊರತು, ಉದ್ದ, ಎತ್ತರ, ದೂರ, ಸಮಯಗಳನ್ನು ಅಂದಾಜು ಮಾಡುವುದು, ಆಮೇಲೆ ಅಳೆದು ನೋಡುವುದು, ಕಂಡದ್ದನ್ನು ಬಾಯಿಬಿಟ್ಟು ವಿವರಿಸುವುದು ದಂಡಿಯಾಗಿ ನಡೆಯುತ್ತಿತ್ತು. ಗೂಡು ಮಾಡಿದ ಹುಡುಗಿಯ ಮನೆಯಲ್ಲಿ ನಡೆದದ್ದೂ ಇದೇ. ಅಳೆಯುವುದಕ್ಕೆ, ಎಣಿಸುವುದಕ್ಕೆ, ಲೆಕ್ಕ ಇಡುವುದಕ್ಕೆ ನಿಜವಾದ ಕಾರಣಗಳೇ ಇಲ್ಲದ ಮನೆಯಲ್ಲಿ ಪುಸ್ತಕವನ್ನೂ ಎತ್ತಿಟ್ಟರೆ ಉಳಿಯುವುದು ಶೂನ್ಯ.

ಹಾಗಾದರೆ ಯಾರಿಗೆ ಯಾವುದು

ಮೊದಲು ನೋಡಬೇಕಾದದ್ದು ಹಿರಿಯರ ದಿನವನ್ನು. ಮನೆಯ ಹಿರಿಯರೆಲ್ಲ ದಿನವಿಡೀ ದುಡಿಮೆಗೆ ಹೊರಗಿದ್ದರೆ ಅನ್‌ಸ್ಕೂಲಿಂಗ್ ಬೇಡ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಪಾಠ ಮಾಡುವ ಕೆಲಸವಿಲ್ಲವೆಂದು ಇದು ಹಗುರವಾಗಿ ಕಾಣುತ್ತದೆ, ಆದರೆ ಹೋಮ್‌ಸ್ಕೂಲಿಂಗ್‌ಗಿಂತ ಹೆಚ್ಚು ಹೊತ್ತನ್ನು ಕೇಳುವುದು ಇದೇ. ಪಾಠವಾದರೆ ಹನ್ನೊಂದು ಗಂಟೆಗೆ ಮುಗಿಯುತ್ತದೆ. ಹಲಗೆಯ ತುದಿ ಹಿಡಿಯುವ ಕೆಲಸ ಯಾವಾಗ ಬರುತ್ತದೆಂದು ಹೇಳಲಾಗದು. ಹಿರಿಯರಿಗೆ ತಮ್ಮದೇ ಆದ ಒಂದು ಕೆಲಸದಲ್ಲಿ, ತೋಟವೋ ಹೊಲಿಗೆಯೋ ಯಂತ್ರ ರಿಪೇರಿಯೋ ಸಂಗೀತವೋ, ನಿಜವಾದ ಮೋಹವಿದ್ದರೆ ಅರ್ಧ ಗೆದ್ದಂತೆ. ಮಕ್ಕಳು ಉಪದೇಶಕ್ಕಿಂತ ಹೆಚ್ಚಾಗಿ, ದೊಡ್ಡವರು ಮೈಮರೆತು ಮಾಡುವ ಕೆಲಸದ ಸುತ್ತ ಸುಳಿಯುತ್ತಾರೆ.

ಒಂದೇ ಮಗುವಿದ್ದು, ಅಕ್ಕಪಕ್ಕದಲ್ಲಿ ಹಗಲು ಹೊತ್ತು ಜೊತೆಗಾರರು ಸಿಗದ ಮನೆಗೆ ಪ್ರಜಾಸತ್ತಾತ್ಮಕ ಶಾಲೆ, ಅದು ಹತ್ತಿರದಲ್ಲಿದ್ದರೆ, ಅನ್‌ಸ್ಕೂಲಿಂಗ್‌ಗಿಂತ ಮೇಲು. ಜಗಳವಾಡಿ, ಸಭೆಯಲ್ಲಿ ವಾದಿಸಿ, ಮತದಲ್ಲಿ ಸೋತು, ಮರುದಿನ ಅದೇ ಮಕ್ಕಳೊಂದಿಗೆ ಆಡಬೇಕಾದ ಪಾಠವನ್ನು ಮನೆಯಲ್ಲಿ ಯಾವ ತಂದೆತಾಯಿಯೂ ಕಲಿಸಲಾರರು. ಇಂಥ ಶಾಲೆಗಳು ಕಡಿಮೆ ಇರುವುದೇ ಇದರ ದೊಡ್ಡ ತೊಡಕು.

ಮುಂದೇನಾಗುತ್ತದೆ ಎಂಬುದು ಮೊದಲೇ ತಿಳಿದಿದ್ದರೆ ಮಾತ್ರ ನಿರಾಳವಾಗಿರುವ ಮಕ್ಕಳಿದ್ದಾರೆ. ಅವರಿಗೆ ಖಾಲಿ ದಿನ ಕೊಡುವುದು ಉಡುಗೊರೆಯಾಗದೆ ಹೊರೆಯಾಗುತ್ತದೆ. ಕ್ರಮವಿರುವ ಹೋಮ್‌ಸ್ಕೂಲಿಂಗ್ ಅಥವಾ ಒಳ್ಳೆಯ ಸಾಮಾನ್ಯ ಶಾಲೆ ಅವರಿಗೆ ಒಗ್ಗುತ್ತದೆ. ಹೋಮ್‌ಸ್ಕೂಲಿಂಗ್‌ನ ಕಷ್ಟ ಬೇರೆ: ತಾಯಿಯೇ ಶಿಕ್ಷಕಿಯಾದಾಗ, ಲೆಕ್ಕದ ಸಿಟ್ಟು ರಾತ್ರಿಯ ಊಟದವರೆಗೂ ಹಿಂಬಾಲಿಸುತ್ತದೆ. ಅಪ್ಪ ಅಮ್ಮನ ಮುಖ ನೋಡಿದೊಡನೆ ಮಗುವಿಗೆ ಪುಸ್ತಕ ನೆನಪಾಗತೊಡಗಿದರೆ ದಾರಿ ಬದಲಿಸುವ ಹೊತ್ತಾಯಿತೆಂದೇ ಅರ್ಥ.

ಇನ್ನು ಯಾರೂ ಲೆಕ್ಕಕ್ಕೆ ಹಿಡಿಯದ ಐದನೆಯ ದಾರಿಯೊಂದಿದೆ. ಮಗು ಮಾಮೂಲಿ ಶಾಲೆಗೆ ಹೋಗುತ್ತದೆ. ಸಂಜೆ ಮತ್ತು ರಜೆಯ ದಿನಗಳು ಮಾತ್ರ ಟ್ಯೂಷನ್, ಸ್ಪರ್ಧೆ, ತರಬೇತಿಗಳಿಲ್ಲದೆ ಪೂರ್ತಿ ಅದರ ಕೈಯಲ್ಲಿರುತ್ತವೆ, ಜೊತೆಗೆ ಮನೆಯ ಒಂದು ನಿಜವಾದ ಜವಾಬ್ದಾರಿಯೂ ಇರುತ್ತದೆ. ವಾರಕ್ಕೊಂದು ಊಟವನ್ನು ಆರಂಭದಿಂದ ಕೊನೆಯವರೆಗೆ ತಾನೇ ಮಾಡುವ ಹನ್ನೆರಡರ ಹುಡುಗ, ತಪ್ಪಿದರೆ ಎಲ್ಲರೂ ಹಸಿದಿರಬೇಕಾಗುತ್ತದೆ ಎಂಬುದನ್ನು ಬಲ್ಲವನು, ಸಡಿಲವಾಗಿ ನಡೆಯುವ ಎಷ್ಟೋ ಅನ್‌ಸ್ಕೂಲಿಂಗ್ ಮನೆಗಳ ಮಕ್ಕಳಿಗಿಂತ ಹೆಚ್ಚು ಸ್ವತಂತ್ರ. ಬಹುಪಾಲು ಕುಟುಂಬಗಳಿಗೆ ನಾನು ಸೂಚಿಸುವುದು ಇದನ್ನೇ.

ಕಾನೂನು, ಮರಳುವ ದಾರಿ, ಪ್ರಯೋಗದ ಅವಧಿ

ಇಷ್ಟೆಲ್ಲ ಯೋಚಿಸುವ ಮೊದಲು ನೀವಿರುವ ದೇಶದ ಕಾನೂನನ್ನು ನೋಡಬೇಕು. ಜರ್ಮನಿಯಲ್ಲಿ ಶಾಲಾ ಹಾಜರಾತಿಯೇ ಕಡ್ಡಾಯ, ಮನೆಯಲ್ಲಿ ಕಲಿಸುತ್ತೇವೆಂಬ ಕಾರಣ ಸಾಮಾನ್ಯವಾಗಿ ಅಲ್ಲಿ ನಡೆಯುವುದಿಲ್ಲ. ಸ್ವೀಡನ್ನಿನಲ್ಲಿ 2010ರ ಶಿಕ್ಷಣ ಕಾಯ್ದೆಯ ನಂತರ ವಿಶೇಷ ಸಂದರ್ಭಗಳಲ್ಲಿ ಮಾತ್ರ ಅನುಮತಿ. ಇಂಗ್ಲೆಂಡಿನ 1996ರ ಶಿಕ್ಷಣ ಕಾಯ್ದೆ, ಮಗುವಿಗೆ ಶಾಲೆಯಲ್ಲಾಗಲಿ ಬೇರೆ ರೀತಿಯಲ್ಲಾಗಲಿ ತಕ್ಕ ಶಿಕ್ಷಣ ಸಿಗುವಂತೆ ನೋಡಿಕೊಳ್ಳುವುದು ಹೆತ್ತವರ ಕರ್ತವ್ಯವೆಂದು ಹೇಳಿ, ದಾರಿಯನ್ನು ತೆರೆದಿಟ್ಟಿದೆ. ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಮನೆಶಿಕ್ಷಣಕ್ಕೆ ಅವಕಾಶವಿದೆ, ನಿಯಮಗಳು ಮಾತ್ರ ರಾಜ್ಯಕ್ಕೊಂದು ಬಗೆ. ವಾರ್ಷಿಕ ಪರೀಕ್ಷೆ ಅಥವಾ ವರದಿಯನ್ನು ಕೇಳುವ ಕಡೆಗಳಲ್ಲಿ ಶುದ್ಧ ಅನ್‌ಸ್ಕೂಲಿಂಗ್ ನಡೆಸುವುದು ಕಷ್ಟ, ಹೋಮ್‌ಸ್ಕೂಲಿಂಗ್ ಸುಲಭ.

ಮರಳುವ ದಾರಿಯನ್ನೂ ಹೊರಡುವ ಮೊದಲೇ ಕೇಳಿಟ್ಟುಕೊಳ್ಳಬೇಕು: ಮಧ್ಯದಲ್ಲಿ ಶಾಲೆಗೆ ಸೇರಿಸಿಕೊಳ್ಳುತ್ತಾರೆಯೇ, ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದಾದ ಪರೀಕ್ಷೆ ಯಾವುದು, ಅದಕ್ಕೆ ಕನಿಷ್ಠ ವಯಸ್ಸೆಷ್ಟು. ವೈದ್ಯಕೀಯದಂಥ ವೃತ್ತಿಗಳಿಗೆ ಪ್ರಮಾಣಪತ್ರಗಳ ಸರಪಳಿ ಬೇಕೇ ಬೇಕು. ಹದಿಮೂರು ಹದಿನಾಲ್ಕರ ಹೊತ್ತಿಗೆ ಈ ವಿಷಯವನ್ನು ಮಗುವಿನ ಮುಂದೆಯೇ ಬಿಚ್ಚಿಡುವುದು ನ್ಯಾಯ, ಏಕೆಂದರೆ ಆಯ್ಕೆ ಅದರದೆಂದು ಹೇಳಿ ಆಯ್ಕೆಯ ಬೆಲೆಯನ್ನು ಮುಚ್ಚಿಡುವಂತಿಲ್ಲ.

ಶಾಲೆಯಿಂದ ಹೊರಬಂದ ಮಗು ಮೊದಲು ಕೆಲವು ವಾರ, ಕೆಲವೊಮ್ಮೆ ತಿಂಗಳು, ಏನೂ ಮಾಡದೆ ಬಿದ್ದುಕೊಂಡಿರುತ್ತದೆ. ಶಾಲೆಯಲ್ಲಿ ಕಳೆದ ಪ್ರತಿ ವರ್ಷಕ್ಕೆ ಒಂದು ತಿಂಗಳ ವಿಶ್ರಾಂತಿ ಬೇಕೆಂಬ ಲೆಕ್ಕವೊಂದು ಈ ಕುಟುಂಬಗಳಲ್ಲಿ ಬಾಯಿಂದ ಬಾಯಿಗೆ ಹರಿದು ಬಂದಿದೆ. ಅದು ಅನುಭವದ ಮಾತು, ಸಂಶೋಧನೆಯದಲ್ಲ. ಆ ದಿನಗಳಲ್ಲಿ ಗಾಬರಿಯಾಗಿ ಪಠ್ಯಪುಸ್ತಕ ತಂದಿಡಬೇಡಿ. ಒಂದು ವರ್ಷದ ಗಡುವು ಇಟ್ಟುಕೊಂಡು, ದಿನಕ್ಕೆ ಎರಡು ಸಾಲಿನಂತೆ, ಮಗು ಅಂದು ಏನು ಮಾಡಿತು, ಯಾರೊಂದಿಗೆ ಮಾಡಿತು, ಎಲ್ಲಿ ಬಿಟ್ಟಿತು ಎಂದು ಮಾತ್ರ ಬರೆದಿಡಿ. ಒಳ್ಳೆಯದು ಕೆಟ್ಟದು ಎಂಬ ಷರಾ ಬೇಡ. ಆರು ತಿಂಗಳಾದ ಮೇಲೆ ಆ ಪುಸ್ತಕವನ್ನು ಮೊದಲಿನಿಂದ ಓದಿ, ಬಿಟ್ಟ ಕೆಲಸಕ್ಕೆ ಮಗು ತಾನಾಗಿ ಮರಳಿ ಬಂದ ದಿನಗಳ ಕೆಳಗೆ ಗೆರೆ ಎಳೆಯಿರಿ. ಗೆರೆಗಳು ತಿಂಗಳಿಂದ ತಿಂಗಳಿಗೆ ಒತ್ತಾಗುತ್ತಾ ಹೋಗಿದ್ದರೆ ಮುಂದುವರಿಯಬಹುದು. ಒಂದೂ ಗೆರೆ ಬೀಳದಿದ್ದರೆ, ಅದೇ ಪುಟಗಳಲ್ಲಿ ‘ಯಾರೊಂದಿಗೆ’ ಎಂಬುದರ ಮುಂದೆ ಏನು ಬರೆದಿದೆ ಎಂದು ಇನ್ನೊಮ್ಮೆ ನೋಡಿ, ಆಮೇಲೆ ಶಾಲೆಯ ಅರ್ಜಿ ತನ್ನಿ.